ಹಾಸುಬಂಡೆಯ ಮೇಲಿನ ಛತ್ರಿ

ನಮ್ಮ ಅತ್ತೆ ತಪ್ಪು ಮಾಡುವವರಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಈ ಸಲದ ಉಪ್ಪೇ ಜೋರು. ರೊಟ್ಟಿ ಹರಿದರೆ ಜೋಳ ಹಳೆಯದು. ಬಸ್ಸು ತಪ್ಪಿದರೆ ಡ್ರೈವರಿಗೆ ಮನೆ ಸೇರುವ ಅವಸರ. ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನೆಲ್ಲ ಕೇಳಿ ನನಗೆ ಮೈ ಉರಿಯುತ್ತಿತ್ತು. ಆಮೇಲೆ ರೂಢಿಯಾಯಿತು. ಈಗಂತೂ ಅವರು ಹಾಗೆ ಹೇಳದೆ ಸುಮ್ಮನಿದ್ದರೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತೇನೆ. ಇಂಥ ಹೆಂಗಸು ತುಂಬಿದ ಸಭೆಯಲ್ಲಿ ಎದ್ದು ನಿಂತು ತಪ್ಪು ತನ್ನದೆಂದು ಒಪ್ಪಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಳ್ಳಾರಿಯಲ್ಲಿ ಯಾರಿಗೆ ಹೇಳಿದರೂ ನಂಬುವುದಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ಅತ್ತೆ ಇರುವುದು ಕುರುಗೋಡಿನಾಚೆ, ಗುಡ್ಡದ ಬುಡದ ಒಂದು ಊರಿನಲ್ಲಿ, ಹಿರಿಯ ಮಗನ ತುಂಬಿದ ಮನೆಯಲ್ಲಿ. ಕಿರಿಯ ಮಗನನ್ನು ಕಟ್ಟಿಕೊಂಡ ನಾನು ಬಳ್ಳಾರಿಯವಳು. ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಮಷಿನ್ ಹಾಕಿಕೊಂಡು ನಾವು ಜೀನ್ಸ್ ಪ್ಯಾಂಟ್ ಹೊಲಿಸುತ್ತೇವೆ. ಅತ್ತೆಗೆ ಒಬ್ಬಳೇ ಮಗಳು, ನನ್ನ ನಾದಿನಿ. ಅವಳನ್ನು ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿಯ ಕಡೆ ಕೊಟ್ಟಿದ್ದಾರೆ. ನಮ್ಮ ಮೂರು ಮನೆಗಳಲ್ಲಿ ಎರಡನ್ನು ಒಂದು ಹಳ್ಳ ಕೂಡಿಸುತ್ತದೆ. ಅತ್ತೆಯ ಊರಿನ ಗುಡ್ಡದಲ್ಲಿ ಹುಟ್ಟಿ, ಊರ ಮಗ್ಗುಲಲ್ಲೇ ಇಳಿದು, ಅಲ್ಲಿ ಇಲ್ಲಿ ನಾಲ್ಕಾರು ಹಳ್ಳಗಳನ್ನು ಕೂಡಿಕೊಂಡು, ನಾದಿನಿಯ ಮನೆ ಮುಂದಿನ ಗದ್ದೆಗಳನ್ನು ಸವರಿಕೊಂಡು ಹೊಳೆ ಸೇರುತ್ತದೆ. ಬೇಸಿಗೆಯಲ್ಲಿ ಒಣಗಿದ ಮರಳು, ಮಳೆಗಾಲದಲ್ಲಿ ಹೇಳದೆ ಕೇಳದೆ ಬರುವ ಹುಚ್ಚು ಪ್ರವಾಹ. ಎರಡು ಸಲ ಅದು ನಾದಿನಿಯ ಮನೆಯ ಪಡಸಾಲೆಗೆ ನುಗ್ಗಿ, ಚೀಲದಲ್ಲಿದ್ದ ಭತ್ತ ಮೊಳಕೆಯೊಡೆದಿತ್ತು.

ಮೂರನೆಯ ಮನೆಯಾದ ನಮ್ಮದಕ್ಕೆ ನೀರು ಬರುವುದು ನಲ್ಲಿಯಲ್ಲಿ. ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅತ್ತೆ ಬಳ್ಳಾರಿಗೆ ಬಂದಾಗಲೆಲ್ಲ ನಾನು ಡ್ರಮ್ಮು, ಬಕೆಟ್ಟು, ಕೊನೆಗೆ ಪೂರಿ ಕರಿಯುವ ಬಾಣಲೆಯನ್ನೂ ತುಂಬಿಸಿಟ್ಟುಕೊಳ್ಳುವುದನ್ನು ನೋಡಿ ನಗುತ್ತಿದ್ದರು. ನಿಮ್ಮೂರ ಗಂಗವ್ವ ಸರ್ಕಾರಿ ನೌಕರಿ ಮಾಡುತ್ತಾಳೆ, ರಜೆಯೇ ಜಾಸ್ತಿ ಎನ್ನುತ್ತಿದ್ದರು. ಪ್ಯಾಂಟಿಗೆ ಬಣ್ಣ ಹಾಕುವವರ ಬೀದಿಯಲ್ಲಿ ನೀಲಿ ಗಟಾರ ಹರಿಯುವುದನ್ನು ಕಂಡಾಗಲಂತೂ ಮೂಗಿಗೆ ಸೆರಗು ಹಿಡಿದು, ತಮ್ಮೂರ ಹಳ್ಳದ ಗುಣಗಾನ ಶುರುಮಾಡುತ್ತಿದ್ದರು. ನೀಲಿ ಗಟಾರದ ಊರಿನವಳು ಬಾಯಿ ಮುಚ್ಚಿಕೊಂಡಿರಬೇಕಾಗುತ್ತದೆ.

ಅತ್ತೆಯ ಊರಿನಲ್ಲಿ ಒಂದು ಪದ್ಧತಿಯಿದೆ. ಮಳೆಗಾಲದ ಮೊದಲ ನೀರು ಹಳ್ಳಕ್ಕೆ ಬಂದ ದಿನ ಹೆಂಗಸರೆಲ್ಲ ಅರಿಸಿನ, ಕುಂಕುಮ, ಕುಬಸದ ಖಣ, ಹಸಿರು ಬಳೆ ಹಿಡಿದು ಹೋಗಿ ಗಂಗವ್ವನಿಗೆ ಉಡಿ ತುಂಬುತ್ತಾರೆ. ಒಂದು ಕೊಡ ಹೊಸ ನೀರನ್ನು ಮನೆಗೆ ತಂದು ದೇವರ ಮುಂದೆ ಇಡುತ್ತಾರೆ. ಹೊಸ ನೀರು ಕೆಂಪಗೇ ಇರುತ್ತದೆ, ಗುಡ್ಡದ ಮಣ್ಣನ್ನೆಲ್ಲ ತೊಳೆದುಕೊಂಡು ಬರುತ್ತದಲ್ಲ. ಕೆಂಪು ಹೆಚ್ಚಿದ್ದಷ್ಟೂ ಗಂಗವ್ವ ಖುಷಿಯಾಗಿದ್ದಾಳೆ ಎಂಬ ನಂಬಿಕೆ. ಈ ಪೂಜೆಗೆ ಮುಂದಾಳು ಅತ್ತೆ. ಇವತ್ತು ಬಂದದ್ದು ಹೊಸ ನೀರು ಹೌದೋ ಅಲ್ಲವೋ ಎಂದು ಅವರು ಹೇಳಬೇಕು, ಆಮೇಲೆ ಊರು ಹೊರಡಬೇಕು.

ಒಂದು ಬೇಸಿಗೆಯಲ್ಲಿ ನಾನು ಸಂಡಿಗೆ ಹಾಕಲು ಅಲ್ಲಿಗೆ ಹೋಗಿದ್ದೆ. ಸಂಡಿಗೆಗೆ ಅಕ್ಕಿ ಪ್ರತಿವರ್ಷ ನಾದಿನಿಯ ಮನೆಯಿಂದ ಬರುತ್ತದೆ. ಬೇರೆ ಅಕ್ಕಿಯಲ್ಲಿ ಮಾಡಿದರೆ ಅತ್ತೆಗೆ ಅದು ಸಂಡಿಗೆಯೇ ಅಲ್ಲ. ಹಳ್ಳದ ದಂಡೆಯಲ್ಲಿ ಅಂಗಳದಷ್ಟಗಲದ ಒಂದು ಹಾಸುಬಂಡೆಯಿದೆ. ಅದರ ಮೇಲೆ ಅತ್ತೆಯ ಹಳೆಯ ಹಸಿರು ಸೀರೆ ಹಾಸಿ, ಸಂಡಿಗೆ ಇಟ್ಟು, ಕಾಗೆ ಬರದಂತೆ ಮಾವನವರ ಕರಿ ಛತ್ರಿಯನ್ನು ಬಿಚ್ಚಿ ಕಲ್ಲಿನ ಸಂದಿಗೆ ಸಿಕ್ಕಿಸಿದ್ದೆವು. ಮಾವ ಹೋಗಿ ಎಷ್ಟೋ ಕಾಲವಾಯಿತು, ಛತ್ರಿ ಇನ್ನೂ ಕಾಗೆಗಳನ್ನು ಹೆದರಿಸಿಕೊಂಡು ಮನೆತನದ ಮರ್ಯಾದೆ ಕಾಯುತ್ತಿದೆ. ನಾವು ಬೇವಿನ ನೆರಳಿಗೆ ಬಂದು ಕೂತಿದ್ದೆವು, ಅಷ್ಟರಲ್ಲಿ ಮೇಲಿನ ತಿರುವಿನಿಂದ ಕೆಂಪು ನೀರು ಇಳಿದು ಬಂತು.

ಆಕಾಶದಲ್ಲಿ ಬೆರಳಗಲದ ಮೋಡವಿರಲಿಲ್ಲ. ನಾನು ಅದನ್ನು ಅತ್ತೆಗೆ ಹೇಳಿದೆ. ಅವರು ನನ್ನತ್ತ ಕರುಣೆಯಿಂದ ನೋಡಿ, ಮಳೆ ನಮ್ಮ ತಲೆಯ ಮೇಲೇ ಬೀಳಬೇಕೇನು, ಗುಡ್ಡದಾಚೆ ಬಿದ್ದಿರುತ್ತದೆ, ನೀರಿಗೆ ಕಾಲಿಲ್ಲವೇ, ನಡೆದುಕೊಂಡು ಬಂದಿದೆ ಎಂದರು. ಮಾತು ತಪ್ಪೇನಲ್ಲ, ಹಳ್ಳಗಳು ಹಾಗೆಯೇ ಬರುತ್ತವೆ. ಅದೂ ಅಷ್ಟು ಕೆಂಪು ನೀರನ್ನು ಅವರು ಜನ್ಮದಲ್ಲಿ ನೋಡಿರಲಿಲ್ಲವಂತೆ. ಅರ್ಧ ಗಂಟೆಯೊಳಗೆ ಊರ ಹೆಂಗಸರೆಲ್ಲ ಬಂದು ಸೇರಿದರು. ಅತ್ತೆ ಮೊಣಕಾಲುದ್ದ ನೀರಿಗಿಳಿದು ಉಡಿ ತುಂಬಿದರು, ಆರತಿ ಎತ್ತಿದರು, ಹಿತ್ತಾಳೆ ಕೊಡ ತುಂಬಿಕೊಂಡರು. ನಾನೂ ಕೈ ಮುಗಿದೆ. ಗುಡ್ಡದ ಮೇಲಿನ ಅದಿರಿನ ಗಣಿಯ ಕಚೇರಿಯಿಂದ ಒಬ್ಬರು ಆ ದಾರಿಯಲ್ಲಿ ಬಂದವರು ಜೀಪು ನಿಲ್ಲಿಸಿ ಫೋಟೋ ತೆಗೆದರು. ಊರವರ ಜೊತೆ ಮಾತುಕತೆಗೆಂದೇ ಗಣಿಯವರು ಇಟ್ಟುಕೊಂಡಿದ್ದ ಆಸಾಮಿ ಅವರು. ಆಂಧ್ರದ ಗಡಿಯ ಕಡೆಯವರು, ಹೊಸದಾಗಿ ಬಂದಿದ್ದರು, ಬಾಯಿ ತುಂಬ ‘ಅಮ್ಮಗಾರೂ’ ಎನ್ನುತ್ತಿದ್ದರು. ಅತ್ತೆಯ ಮನೆಯ ಮಜ್ಜಿಗೆಗೆ ಸೋತವರು.

ಎರಡು ದಿನಕ್ಕೆ ನೀರು ನಿಂತಿತು. ಹಳ್ಳದ ತಳದಲ್ಲಿ ಕುಂಕುಮ ಕದಡಿದಂಥ ರಾಡಿ ಉಳಿದು, ಒಣಗಿ, ಹಕ್ಕಳೆಯಾಗಿ ಎದ್ದಿತು. ಆಡುಗಳು ಗುಂಡಿಯಲ್ಲಿ ನಿಂತ ನೀರನ್ನು ಮೂಸಿ ನೋಡಿ ತಿರುಗಿ ಹೋದವು. ಗುಡ್ಡದ ಕಡೆಯಿಂದ ಬಂದವರು ಹೇಳಿದರು: ಮಳೆ ಗಿಳೆ ಏನೂ ಇಲ್ಲ, ಮಳೆಗಾಲಕ್ಕೆ ಮುಂಚೆ ಗಣಿಯ ಹೊಂಡ ಬರಿದು ಮಾಡಲು ಪಂಪು ಹಚ್ಚಿ ಕೆಸರು ನೀರನ್ನು ಹಳ್ಳಕ್ಕೆ ಬಿಟ್ಟಿದ್ದಾರೆ. ಅತ್ತೆ ಆ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಕಿವಿ ಚುರುಕಾಗಿದ್ದವರಿಗೆ ಅವತ್ತೊಂದು ದಿನ ಕಿವುಡು. ಕೊಡವನ್ನು ಮಾತ್ರ ಹುಣಸೆಹಣ್ಣು ಹಚ್ಚಿ ತಿಕ್ಕಿದರು, ಬೂದಿ ಹಾಕಿ ತಿಕ್ಕಿದರು. ಮೈ ಹೊಳೆಯಿತು, ಕಂಠದ ಕೆತ್ತನೆಯ ಒಂದು ಮಗ್ಗುಲಲ್ಲಿ ಕೂತ ಕೆಂಪು ಹೋಗಲಿಲ್ಲ. ಆಮೇಲೆ ನಾನು ಆ ಮನೆಗೆ ಹೋದಾಗಲೆಲ್ಲ ಕೊಡದ ಆ ಮಗ್ಗುಲು ಗೋಡೆಗೆ ಮುಖ ಮಾಡಿರುತ್ತಿತ್ತು.

ಊರವರಿಗೂ ಗೊತ್ತಿತ್ತು. ಆದರೆ ಯಾರೂ ಆಡಲಿಲ್ಲ. ಪೂಜೆ ಮಾಡಿದ್ದು ಗಣಿಯ ರಾಡಿಗೆ ಎಂದರೆ ಅತ್ತೆಗೆ ಎದುರಾಡಿದಂತೆ, ಜೊತೆಗೆ ತಾವೂ ಕೈ ಮುಗಿದದ್ದನ್ನು ಒಪ್ಪಿಕೊಂಡಂತೆ. ಅಷ್ಟರಲ್ಲಿ ಹೊಸ ವರ್ಷಕ್ಕೆ ಗಣಿಯವರ ಕ್ಯಾಲೆಂಡರ್ ಬಂತು. ನೋಡಿದರೆ ಅದರ ಮೇಲೆ ಅತ್ತೆ! ಕೆಂಪು ನೀರಲ್ಲಿ ನಿಂತು ಆರತಿ ಎತ್ತಿದ್ದಾರೆ, ಮೂಗುತಿ ಮಿಂಚುತ್ತಿದೆ, ಹಿಂದೆ ಹಾಸುಬಂಡೆ, ಅದರ ಮೇಲೆ ಮಾವನವರ ಛತ್ರಿ. ಫೋಟೋ ಚೆನ್ನಾಗಿ ಬಂದುಬಿಟ್ಟಿತ್ತು, ಅದಕ್ಕೆ ಯಾರೇನು ಮಾಡಲಾಗುತ್ತದೆ. ಅತ್ತೆ ಅದನ್ನು ಪಡಸಾಲೆಯಲ್ಲಿ ತೂಗುಹಾಕಿದರು. ನನಗೊಂದು ಕೊಟ್ಟರು. ಇನ್ನೊಂದನ್ನು ಸುರುಳಿ ಸುತ್ತಿ, ಬಸ್ಸಿನಲ್ಲಿ ಯಾರಿಗೂ ಮುಟ್ಟಗೊಡದೆ, ಸಿರುಗುಪ್ಪದ ಮೇಲೆ ಮಗಳ ಮನೆಗೆ ಒಯ್ದು ಕೊಟ್ಟು ಬಂದರು.

ಅದೇ ವರ್ಷ ಜಲಾಶಯದ ಮಾತು ಎದ್ದಿತು. ಮಳೆಗಾಲದ ಪ್ರವಾಹವನ್ನು ತಡೆದು ನಿಲ್ಲಿಸಿ ಸ್ವಲ್ಪ ಸ್ವಲ್ಪವೇ ಕೆಳಗೆ ಬಿಡಲು ಅತ್ತೆಯ ಊರಿನ ಕೆಳಗೆ ಹಳ್ಳಕ್ಕೆ ಅಡ್ಡಲಾಗಿ ಒಂದು ಜಲಾಶಯ ಕಟ್ಟಬೇಕೆಂದು ಪ್ರಸ್ತಾವ. ಕಟ್ಟಿದರೆ ಹಚ್ಚೊಳ್ಳಿ ಕಡೆಯವರು ಮಳೆಗಾಲದಲ್ಲಿ ಕಣ್ಣು ಮುಚ್ಚಿ ಮಲಗಬಹುದು. ಅತ್ತೆಗೆ ಹಿಡಿಸಲಾರದಷ್ಟು ಸಂತೋಷ. ಸಿಕ್ಕ ಸಿಕ್ಕವರಿಗೆಲ್ಲ ತನ್ನ ಮಗಳಿಗಾಗಿಯೇ ಸರ್ಕಾರ ಡ್ಯಾಮು ಕಟ್ಟಿಸುತ್ತಿದೆ ಎಂಬಂತೆ ಹೇಳಿಕೊಂಡು ಬಂದರು. ಆದರೆ ಊರಿನ ತಿಳಿದವರು ಒಂದು ತೊಡಕು ತೋರಿಸಿದರು. ಗಣಿಯ ಚರಂಡಿ ಹಳ್ಳಕ್ಕೆ ಬೀಳುವುದು ಜಲಾಶಯದ ಜಾಗಕ್ಕಿಂತ ಮೇಲೆ. ಆ ರಾಡಿಯನ್ನು ಗುಡ್ಡದ ಬುಡದಲ್ಲೇ ಹೊಂಡ ತೋಡಿ ನಿಲ್ಲಿಸಿ, ಕೆಸರು ಕೂರಿಸಿ, ತಿಳಿ ನೀರನ್ನಷ್ಟೇ ಬಿಡದಿದ್ದರೆ ಜಲಾಶಯದ ಹೊಟ್ಟೆಯನ್ನು ಅದಿರಿನ ಕೆಸರೇ ತುಂಬುತ್ತದೆ. ಪ್ರವಾಹ ಬಂದಾಗ ನೀರಿಗೆ ಜಾಗವಿರುವುದಿಲ್ಲ. ನಾದಿನಿಯ ಪಡಸಾಲೆಗೆ ಮತ್ತೆ ನೀರು, ಈ ಸಲ ಕೆಂಪು ರಾಡಿಯ ಸಮೇತ. ಅದು ಗದ್ದೆಯಲ್ಲಿ ಕೂತರೆ ಭತ್ತ ಏಳುವುದಿಲ್ಲ.

ಇದನ್ನೆಲ್ಲ ಕೇಳಲು ಕುರುಗೋಡಿನ ಒಂದು ಕಲ್ಯಾಣ ಮಂಟಪದಲ್ಲಿ ಸಭೆ ಕರೆದರು. ಮೇಲಿನ ಊರುಗಳವರು, ಕೆಳಗಿನ ಊರುಗಳವರು, ಎಲ್ಲರೂ ಬಂದರು. ಹಚ್ಚೊಳ್ಳಿ ಕಡೆಯವರು ಟ್ರಾಕ್ಟರ್ ಮಾಡಿಕೊಂಡು ಬಂದಿದ್ದರು, ಅದರಲ್ಲಿ ನಾದಿನಿಯೂ ಇದ್ದಳು. ನಾನು ಬಳ್ಳಾರಿಯಿಂದ ಬಸ್ಸಿಗೆ ಬಂದೆ. ಮೂವರೂ ಹೆಂಗಸರ ಸಾಲಿನಲ್ಲಿ ಒತ್ತಾಗಿ ಕೂತೆವು. ಅತ್ತೆ ಉಟ್ಟಿದ್ದು ಮದುವೆ ಮನೆಯ ಸೀರೆ. ಕಲ್ಯಾಣ ಮಂಟಪಕ್ಕೆ ಸಾದಾ ಸೀರೆಯಲ್ಲಿ ಹೋಗುವುದು ಹೇಗೆ ಎಂಬುದು ಅವರ ಪ್ರಶ್ನೆ.

ನೀರಾವರಿಯ ದೊಡ್ಡ ಎಂಜಿನಿಯರು ನಕ್ಷೆ ತೋರಿಸಿ ವಿವರಿಸಿದರು. ಊರವರು ಗಣಿಯ ರಾಡಿಯ ಮಾತೆತ್ತಿದರು. ಎಂಜಿನಿಯರು ಸಮಾಧಾನದ ಮನುಷ್ಯ. ಹಳ್ಳದ ಕೆಂಪು ಗಣಿಯದೇ ಎಂದು ಖಾತ್ರಿಯಾದರೆ ಗಣಿಯವರು ಹೊಂಡ, ಒಡ್ಡು ಕಟ್ಟಲೇಬೇಕೆಂಬ ಷರತ್ತು ಹಾಕಬಹುದು, ಅದು ಗುಡ್ಡದ ಮಣ್ಣಿನ ಸಹಜ ಬಣ್ಣವಾದರೆ ಹೇಗೆ ಹಾಕುವುದು ಎಂದು ಕೇಳಿದರು. ಆಗ ಗಣಿಯ ಪರವಾಗಿ ನಮ್ಮ ಮಜ್ಜಿಗೆಯ ಗಿರಾಕಿ ಎದ್ದರು. ವಿನಯದಿಂದಲೇ ಎದ್ದರು. ಈ ಹಳ್ಳ ಮೊದಲಿನಿಂದಲೂ ಕೆಂಪು ಸ್ವಾಮಿ, ಜನರೇ ಅದನ್ನು ಪೂಜಿಸುತ್ತಾರೆ ಎನ್ನುತ್ತ ಗೋಡೆಯ ಮೇಲೆ ಒಂದು ಚಿತ್ರ ಬಿಟ್ಟರು. ಮದುಮಕ್ಕಳು ಕೂರುವ ಜಾಗದ ಮೇಲೆ, ಆಳೆತ್ತರಕ್ಕೆ, ಆರತಿ ಹಿಡಿದ ನಮ್ಮ ಅತ್ತೆ ಮೂಡಿದರು.

ಇದು ಹೊಸ ಮಳೆಯ ನೀರಿನ ಪೂಜೆ ಎಂದು ಗಣಿಯ ಆಸಾಮಿ ವಿವರಿಸಿದರು. ಆಮೇಲೆ ಒಂದು ಕೋಲು ತೆಗೆದುಕೊಂಡು ಚಿತ್ರದ ಮೂಲೆ ಮುಟ್ಟಿದರು. ಇದು ಮಳೆಯ ದಿನ ಎಂಬುದಕ್ಕೆ ಬೇರೆ ಸಾಕ್ಷಿಯೇ ಬೇಡ, ನೋಡಿ, ಹಿಂದೆ ಛತ್ರಿ ಬಿಚ್ಚಿಟ್ಟಿದ್ದಾರೆ ಎಂದರು.

ನಾನು ನಗು ತಡೆಯಲು ಬಾಯಿಗೆ ಸೆರಗು ಹಿಡಿದೆ. ಆ ಮಂಟಪದಲ್ಲಿದ್ದ ಯಾವ ಹೆಂಗಸಿಗೆ ಗೊತ್ತಿಲ್ಲ, ಬಂಡೆಯ ಮೇಲೆ ಒಂಟಿಯಾಗಿ ಬಿಚ್ಚಿಟ್ಟ ಕರಿ ಛತ್ರಿ ಯಾರಿಗೆಂದು? ಅತ್ತೆಯ ಊರಿನವರಿಗಂತೂ ಅದು ಯಾರ ಛತ್ರಿ, ಯಾವ ದಿನದ್ದು ಎಂಬುದೂ ಗೊತ್ತು. ಆದರೂ ಗಂಡಸರು ಚಾವಣಿ ನೋಡಿದರು, ಹೆಂಗಸರು ಬಳೆ ತಿರುಗಿಸಿಕೊಂಡರು. ಇಡೀ ಊರು ಅತ್ತೆಯ ಮಾನ ಕಾಯಲು ಹೊರಟು, ತನ್ನ ಹಳ್ಳವನ್ನು ಕೈಬಿಡುತ್ತಿತ್ತು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ನಾನೇ ಎದ್ದು ಹೇಳೋಣವೆಂದು ಕಾಲೂರಿದೆ. ಪಕ್ಕದಲ್ಲಿದ್ದ ನಾದಿನಿ ನನ್ನ ಮೊಣಕೈ ಹಿಡಿದು ಕೂರಿಸಿದಳು. ತಲೆ ಬಗ್ಗಿಸಿಕೊಂಡಿದ್ದಳು, ಮುಖ ಕಾಣುತ್ತಿರಲಿಲ್ಲ. ಯಾರ ಭತ್ತ ನೀರಿನಲ್ಲಿ ಮೊಳೆತಿತ್ತೋ ಅವಳೇ ನನ್ನನ್ನು ತಡೆದಳು.

ಅತ್ತೆ ಅದನ್ನು ನೋಡಿದರು. ಮಗಳ ಬಗ್ಗಿದ ತಲೆಯನ್ನು ನೋಡಿದರು, ಗೋಡೆಯ ಮೇಲಿನ ತಮ್ಮನ್ನು ನೋಡಿದರು. ಆಮೇಲೆ ಮದುವೆ ಮನೆಯ ಸೀರೆಯ ನೆರಿಗೆ ಸರಿಮಾಡಿಕೊಂಡು ಎದ್ದು ನಿಂತರು.

“ಸಾಹೇಬ್ರ, ಆ ಛತ್ರಿ ಮಳಿಗೆ ಬಿಚ್ಚಿದ್ದಲ್ರಿ, ಕಾಗಿಗೆ ಬಿಚ್ಚಿದ್ದು.”

ಎಂಜಿನಿಯರಿಗೆ ಅರ್ಥವಾಗಲಿಲ್ಲ. ಯಾವ ಕಾಗೆ ಎಂದು ಕೇಳಿದರು. ಅತ್ತೆ ಸಾಲಿನಿಂದ ಹೊರಬಂದು, ಗೋಡೆಯ ಹತ್ತಿರ ಹೋಗಿ, ಗಣಿಯವರ ಕೈಯಿಂದ ಕೋಲು ಇಸಿದುಕೊಂಡರು.

“ಛತ್ರಿ ಬುಡಕ ನೋಡ್ರಿ. ಅದು ನನ್ನ ಹಳೇ ಹಸರ ಸೀರಿ. ಅದರ ಮ್ಯಾಲ ಬೆಳ್ಳಗ ಕಾಣ್ತಾವಲ್ಲ, ಸಂಡಗಿ. ಮಳಿ ಬರೂ ದಿವಸ ಯಾವ ಹೆಣಮಗಳು ಸಂಡಗಿ ಹಾಕ್ತಾಳ್ರಿ? ಅವತ್ತು ಸುಡುಸುಡು ಬಿಸಲಿತ್ತು. ಗಂಗವ್ವ ಬಂದಾಳ ಅಂತ ಊರ ಹೆಂಗಸರನ್ನೆಲ್ಲ ಕರಕೊಂಡು ಹೋದಾಕಿ ನಾನು. ಗಣಿ ರಾಡಿಗೆ ಉಡಿ ತುಂಬಿ ಬಂದೆ. ತಪ್ಪು ನಂದ. ಬರಕೊಳ್ರಿ.”

ಹೆಂಗಸರ ಸಾಲಿನಲ್ಲಿ ಎಲ್ಲೋ ಒಬ್ಬರು ಕಿಸಕ್ಕೆಂದರು. ಮುಂದೆ ಯಾರಿಗೂ ತಡೆಯಲಾಗಲಿಲ್ಲ, ಮಂಟಪವೆಲ್ಲ ನಕ್ಕಿತು. ನಗುತ್ತಲೇ ಒಬ್ಬೊಬ್ಬರಾಗಿ ಎದ್ದು ಹೌದ್ರಿ, ನಾವೂ ಇದ್ದೆವು, ನಾವೂ ಕೈ ಮುಗಿದೆವು, ಮೋಡವಿರಲಿಲ್ಲ ಎಂದು ಹೇಳತೊಡಗಿದರು. ಅಲ್ಲಿಯವರೆಗೆ ಚಾವಣಿ ನೋಡುತ್ತಿದ್ದವರೆಲ್ಲ ಈಗ ಸಾಕ್ಷಿಗಳು. ಗಣಿಯವರ ಮುಖ ಮಾತ್ರ ಇಂಗು ತಿಂದ ಮಂಗನಂತಾಗಿತ್ತು. ಅತ್ತೆಗೆ ಅವರ ಮೇಲೆ ಮರುಕ ಬಂತು. ಕೋಲು ತಿರುಗಿ ಕೊಡುತ್ತ, ನಿಂದೇನ ತಪ್ಪಿಲ್ಲ ತಮ್ಮಾ, ನಿಮ್ಮ ಮನ್ಯಾಗ ಸಂಡಗಿ ಅಂಗಡಿಯಿಂದ ತರ್ತಾರ ಕಾಣಸ್ತೈತಿ ಎಂದರು. ಅವರೂ ನಕ್ಕುಬಿಟ್ಟರು. ಎಂಜಿನಿಯರು ನಗಲಿಲ್ಲ, ಬರೆದುಕೊಂಡರು.

ಸಭೆ ಮುಗಿದು ನಾದಿನಿ ಟ್ರಾಕ್ಟರ್ ಹತ್ತಿದಳು. ಹತ್ತುವ ಮೊದಲು ಅವ್ವನ ಕೈ ಹಿಡಿದುಕೊಂಡು ನಿಂತಿದ್ದಳು. ನಾನೂ ಅತ್ತೆಯೂ ಊರಿಗೆ ಆಟೋ ಹಿಡಿದೆವು. ಅರ್ಧ ದಾರಿಯವರೆಗೂ ಅವರು ಸುಮ್ಮನಿದ್ದರು. ನಾನು ಹಣೆ ಮುಟ್ಟಿ ನೋಡಲೆಂದು ಕೈ ಚಾಚಿದೆ. ಅವರು ಕೈಯನ್ನು ಸರಿಸಿದರು.

“ಅಕಿನ್ನ ನೋಡಿದ್ಯಾ? ತಲಿ ಬಗ್ಗಿಸ್ಕೊಂಡು ಕುಂತಿದ್ಲು. ತನ್ನ ಮನಿ ನೀರಾಗ ಹೋದ್ರೂ ಅಡ್ಡಿಯಿಲ್ಲ, ಅವ್ವನ ಮಾನ ಉಳೀಲಿ ಅಂತ. ಅಷ್ಟು ಮಾನ ತಗೊಂಡು ನಾನೇನ್ ಮಾಡ್ಲಿ ಹೇಳು, ಉಪ್ಪಿನಕಾಯಿ ಹಾಕ್ಲ್ಯಾ?”

ಅವರ ದನಿ ಒಡೆದಿತ್ತು. ಸ್ವಲ್ಪ ದೂರ ಹೋದ ಮೇಲೆ, ಆ ಸಂಡಿಗೆ ಅವಳ ಮನೆಯ ಅಕ್ಕಿಯದು, ವರ್ಷವೆಲ್ಲ ತಿಂದಿದ್ದೇನೆ, ಉಂಡ ಮನೆಗೆ ಎರಡು ಬಗೆಯಬಾರದು ಎಂದರು. ನನಗೂ ಕಣ್ಣು ತುಂಬಿತು. ಧೂಳು ಎಂದು ಹೇಳಿಕೊಂಡೆ. ಆ ಮನೆಯಲ್ಲಿ ಇಷ್ಟು ವರ್ಷ ಬಾಳಿದ ಮೇಲೆ ತಪ್ಪನ್ನು ಧೂಳಿನ ಮೇಲೆ ಹಾಕುವುದು ನನಗೂ ಬಂದಿದೆ.

ಜಲಾಶಯ ಇನ್ನೂ ಪ್ರಸ್ತಾವದಲ್ಲೇ ಇದೆ. ಸರ್ಕಾರಿ ಕೆಲಸ, ನಮ್ಮ ನಲ್ಲಿಯ ಗಂಗವ್ವನ ಹಾಗೆ ಬಂದಾಗ ಬಂತು. ಆದರೆ ಷರತ್ತು ಬಿತ್ತು. ಜಲಾಶಯಕ್ಕೆ ಮೊದಲು ಗುಡ್ಡದ ಬುಡದ ಕೆಲಸ ಆಗಬೇಕು ಎಂದಾಯಿತು. ಗಣಿಯವರು ಒಂದರ ಕೆಳಗೊಂದು ಹೊಂಡ ತೋಡಿಸಿದರು, ಸುತ್ತ ಚರಂಡಿ ಬಳಸಿ ರಾಡಿಯನ್ನು ಅಲ್ಲಿಗೆ ತಿರುಗಿಸಿದರು, ಸಡಿಲ ಮಣ್ಣಿನ ಇಳಿಜಾರಿಗೆ ಹುಲ್ಲು ಹಚ್ಚಿಸಿದರು. ಮಜ್ಜಿಗೆಯ ಗಿರಾಕಿಯೇ ಬಂದು ಅತ್ತೆಯನ್ನು ಜೀಪಿನಲ್ಲಿ ಕರೆದೊಯ್ದು ತೋರಿಸಿದರು. ಅತ್ತೆ ಹೊಂಡಗಳನ್ನು ಸೊಸೆ ಮಾಡಿದ ಅಡುಗೆ ನೋಡುವಂತೆ ನೋಡಿ, ಇನ್ನಷ್ಟು ಆಳ ಬೇಕಿತ್ತು ಎಂದರಂತೆ.

ಈ ಸಲದ ಮೊದಲ ಮಳೆಗೆ ನಾನು ಅಲ್ಲಿದ್ದೆ. ನಿಜವಾದ ಮಳೆ, ನಮ್ಮ ತಲೆಯ ಮೇಲೇ ಬಿದ್ದ ಮಳೆ. ಹಳ್ಳಕ್ಕೆ ಕೆಂಪು ನೀರು ಬಂತು. ಹೆಂಗಸರು ಆರತಿ ತಟ್ಟೆ ಹಿಡಿದು ದಂಡೆಯಲ್ಲಿ ಸಾಲಾಗಿ ನಿಂತು ಅತ್ತೆಯ ಮುಖ ನೋಡಿದರು. ಅತ್ತೆ ಮನೆಯಿಂದ ಆ ಹಿತ್ತಾಳೆ ಕೊಡವನ್ನೇ ತಂದಿದ್ದರು, ಕಂಠದ ಕಲೆ ಹೊರಗೇ ಕಾಣುವಂತೆ ಸೊಂಟದಲ್ಲಿಟ್ಟುಕೊಂಡು. ಕೊಡ ತುಂಬಿ ಹಾಸುಬಂಡೆಯ ಮೇಲಿಟ್ಟು, ಪಕ್ಕದಲ್ಲಿ ಕೂತುಬಿಟ್ಟರು. ಮಣ್ಣು ತಳಕ್ಕೆ ಕೂರಬೇಕಂತೆ, ಮೇಲಿನ ನೀರು ತಿಳಿಯಾಗಬೇಕಂತೆ, ಆಮೇಲೆ ಪೂಜೆ. ದೇವಿಯನ್ನು ಹೀಗೆ ಬಾಗಿಲಲ್ಲಿ ನಿಲ್ಲಿಸಿ ವಿಚಾರಣೆ ಮಾಡುವುದುಂಟೇ ಎಂದು ಹೆಂಗಸರು ಗೊಣಗಿದರು. ಅರಿಸಿನ ಮಳೆಗೆ ಕರಗಿ ತಟ್ಟೆಯಲ್ಲಿ ಹರಿದಾಡಿತು. ನಾನು ಮಾವನವರ ಛತ್ರಿಯನ್ನು ಅತ್ತೆಯ ತಲೆಯ ಮೇಲೆ ಹಿಡಿದುಕೊಂಡು ನಿಂತೆ.

ಜೀಪು ಬಂತು. ಮಜ್ಜಿಗೆಯ ಗಿರಾಕಿ ಇಳಿದು, ಫೋನು ಕೈಯಲ್ಲಿ ಹಿಡಿದು, ಈ ಸಲ ಅಪ್ಪಣೆ ಕೇಳಿದರು. ತೆಗೆಯಲಿ, ಆದರೆ ಈ ಛತ್ರಿ ಮಳೆಗೇ ಬಿಚ್ಚಿದ್ದು ಎಂದು ಕೆಳಗೆ ಬರೆಯಬೇಕು ಎಂದರು ಅತ್ತೆ.

ಕೊನೆಗೂ ಅವರು ಕೊಡದೊಳಗೆ ಬಗ್ಗಿ ನೋಡಿ, ಎದ್ದರು. ಸೀರೆ ಎತ್ತಿಕಟ್ಟಿ ನೀರಿಗಿಳಿದರು. ಅವರು ನೆನೆಯಬಾರದೆಂದು ಛತ್ರಿ ಹಿಡಿದು ನಾನೂ ಹಿಂದೆಯೇ ಇಳಿದೆ, ಹಾಗಾಗಿ ಅವರು ಉಡಿ ತುಂಬುತ್ತ ಮೆಲ್ಲಗೆ ಆಡಿದ್ದು ನನ್ನೊಬ್ಬಳಿಗೇ ಕೇಳಿಸಿತು.

“ತಡಾ ಆತವ್ವ, ಸಿಟ್ಟಾಗಬ್ಯಾಡ. ಮುಂದ ನನ್ನ ಮಗಳ ಮನಿ ಐತಿ. ಸಾವಕಾಶ ಹೋಗು.”